ಕಳುವಾದ ದೀಪ

ದೇವರ ಮುಂದಿನ ದೀಪವೇ ಕಳುವಾದರೆ? ‘ತನ್ನ ದೀಪವನ್ನೇ ಕಾಯದ ದೇವರು ನಮ್ಮನ್ನು ಕಾಯುತ್ತಾನೆಯೇ?’ ಎಂದು ಕೆಲವರು ಕೇಳಿಯಾರು.

ಸುಮಾರು 1900 ವರ್ಷಗಳ ಹಿಂದೆ ಗ್ರೀಸಿನ ನಿಕೊಪೊಲಿಸ್ ಪಟ್ಟಣದಲ್ಲಿ ಪಾಠ ಹೇಳುತ್ತಿದ್ದ ತತ್ವಜ್ಞಾನಿ ಎಪಿಕ್ಟೆಟಸ್‌ಗೆ ಹೀಗೇ ಆಗಿತ್ತು. ಆತ ಗುಲಾಮನಾಗಿದ್ದು ಬಿಡುಗಡೆ ಹೊಂದಿದವನು, ಕಾಲು ಕುಂಟು. ಮನೆದೇವರ ಬಳಿ ಕಬ್ಬಿಣದ ದೀಪವೊಂದನ್ನು ಇಟ್ಟಿದ್ದ. ಒಂದು ದಿನ ಕಿಟಕಿಯ ಹತ್ತಿರ ಸದ್ದಾಯಿತು. ಓಡಿಬಂದು ನೋಡಿದರೆ ದೀಪವಿಲ್ಲ!

ಆತ ದೇವರನ್ನು ದೂರಲಿಲ್ಲ. ‘ಇದ್ದವನು ತಾನೇ ಕಳೆದುಕೊಳ್ಳುವುದು? ನಾಳೆ ಮಣ್ಣಿನ ದೀಪ ತಂದರಾಯಿತು’ ಎಂದುಕೊಂಡ. ನಿಜಕ್ಕೂ ನಷ್ಟವಾದದ್ದು ಕಳ್ಳನಿಗೆ, ಒಂದು ದೀಪಕ್ಕಾಗಿ ಅವನು ತನ್ನ ನಿಯತ್ತನ್ನೇ ಬೆಲೆಯಾಗಿ ತೆತ್ತ ಎಂದು ಶಿಷ್ಯರಿಗೆ ವಿವರಿಸಿದ. ಏರಿಯನ್ ಎಂಬ ಶಿಷ್ಯ ಬರೆದಿಟ್ಟದ್ದರಿಂದ ಈ ಪಾಠ ನಮಗೂ ಸಿಕ್ಕಿದೆ.

ಎಪಿಕ್ಟೆಟಸ್ ದೊಡ್ಡ ದೈವಭಕ್ತ. ವಸ್ತುಗಳು ಬರುತ್ತವೆ, ಹೋಗುತ್ತವೆ. ಒಳ್ಳೆಯದನ್ನು ಆರಿಸಿಕೊಳ್ಳುವ ಮನಸ್ಸನ್ನು ಮಾತ್ರ ದೇವರು ಪೂರ್ತಿಯಾಗಿ ನಮ್ಮ ಕೈಗೇ ಕೊಟ್ಟಿದ್ದಾನೆ, ಅದನ್ನು ಯಾವ ಕಳ್ಳನೂ ಒಯ್ಯಲಾರ ಎಂಬುದು ಅವನ ನಂಬಿಕೆ.

ನಾನೂ ಸಂಜೆ ದೇವರಿಗೆ ದೀಪ ಹಚ್ಚುತ್ತೇನೆ. ಮನೆಮಂದಿ ಚೆನ್ನಾಗಿರಲಿ ಎಂದು ಬೇಡುತ್ತೇನೆ. ಜೊತೆಗೆ, ‘ಏನು ಕಳೆದರೂ ನನ್ನ ಒಳ್ಳೆಯತನ ಕಳೆಯದಿರಲಿ’ ಎಂದೂ ಸೇರಿಸುತ್ತೇನೆ. ಮೊದಲನೆಯದು ಅವನ ಕೈಯಲ್ಲಿದೆ. ಎರಡನೆಯದಕ್ಕೆ ನಾನೂ ದುಡಿಯಬೇಕು.

ಮಕ್ಕಳೇ, ತರಗತಿಯಲ್ಲಿ ನಿಮ್ಮ ಪೆನ್ಸಿಲ್ ಕಾಣೆಯಾದರೆ ಹುಡುಕಿ, ಟೀಚರಿಗೆ ಹೇಳಿ. ಪಕ್ಕದವರ ಪೆನ್ಸಿಲ್ ಎತ್ತಿಕೊಂಡು ಲೆಕ್ಕ ಸರಿಮಾಡಬೇಡಿ. ಒಂದು ಪೆನ್ಸಿಲ್‌ಗೆ ಅದು ತೀರಾ ದುಬಾರಿ ಬೆಲೆ!