ಮಾಲೆಯ ಎರಡು ಸಾಲು, ಅಜ್ಜಿಯ ಕತೆ

ನಿಮ್ಮ ಮನೆಯ ಅಜ್ಜಿಗೆ ಓದು ಬರಹ ಬಾರದೆಂದು ಹೇಳುವ ಮುನ್ನ ಸ್ವಲ್ಪ ವಿಚಾರಿಸಿ. ಕನ್ನಡ ಅಕ್ಷರ ಬಾರದ ಆಕೆಗೆ ಅರಬಿ ಮಲಯಾಳ ಲಿಪಿ ಬರುತ್ತಿರಬಹುದು. ಅದೂ ಬಾರದಿದ್ದರೆ 'ಮುಹಿಯುದ್ದೀನ್ ಮಾಲೆ' ಬಾಯಿಪಾಠ ಇರಬಹುದು. ಉಳ್ಳಾಲದ ಬ್ಯಾರಿ ಮನೆಗಳಲ್ಲಿ ಮಾಲೆ ಹಾಡಿನ ಪರಿಚಯವಿಲ್ಲದ ಹಿರಿಯ ಹೆಂಗಸರು ಅಪರೂಪ. ಅನಕ್ಷರಸ್ಥೆ ಎಂದು ನಾವು ಬದಿಗಿಟ್ಟವರ ನೆನಪಿನಲ್ಲಿ ಒಂದು ಇಡೀ ಕಾವ್ಯವೇ ಇದೆ.

ಈ ಮಾಲೆಯನ್ನು ರಚಿಸಿದವರು ಕಲ್ಲಿಕೋಟೆಯ ಖಾಝಿ ಮುಹಮ್ಮದ್, 1607ರಲ್ಲಿ. ಕೊಲ್ಲಂ ವರ್ಷವನ್ನು ಕಾವ್ಯದೊಳಗೇ ಹೇಳಿಬಿಟ್ಟಿದ್ದಾರೆ. ಕಾಲ ನಿಶ್ಚಿತವಾಗಿ ತಿಳಿದಿರುವ ಅರಬಿ ಮಲಯಾಳ ಕೃತಿಗಳಲ್ಲಿ ಇದೇ ಅತ್ಯಂತ ಹಳೆಯದು. ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಜೀವನವೇ ಇದರ ವಸ್ತು.

ಇದರಲ್ಲಿ ಕತೆ ಹೇಳುವ ಕ್ರಮವನ್ನು ಗಮನಿಸಿ. ತಾಯಿ ಅಂಗಿಯೊಳಗೆ ನಲ್ವತ್ತು ದೀನಾರ್ ಹೊಲಿದು, ಸುಳ್ಳಾಡಬೇಡವೆಂದು ಹೇಳಿ ಮಗನನ್ನು ಬಗ್ದಾದಿಗೆ ಕಳುಹಿಸಿದ್ದು, ದಾರಿಯಲ್ಲಿ ದರೋಡೆಕೋರರು ಕೇಳಿದಾಗ ಬಾಲಕ ಹಣವಿದೆಯೆಂದು ಸತ್ಯ ನುಡಿದದ್ದು ನಿಮಗೆಲ್ಲ ಗೊತ್ತು. ಗದ್ಯದಲ್ಲಿ ಬರೆದರೆ ಎರಡು ಪುಟವಾದೀತು. ಮಾಲೆಯಲ್ಲಿ ಅದು ಬರೀ ಎರಡು ಸಾಲು! ಅಂಗಿಯಿಲ್ಲ, ದೀನಾರಿನ ಲೆಕ್ಕವಿಲ್ಲ. ತಾಯಿಯ ಮಾತಿದೆ, ಕಳ್ಳನ ಕೈಗೆ ಹೋದ ಹೊನ್ನಿದೆ, ಅಷ್ಟೇ. ಮುಂದಿನ ಸಾಲಿಗೆ ಇನ್ನೊಂದು ಘಟನೆ.

ಹಾಗಾದರೆ ಮಗುವಿಗೆ ಅರ್ಥವಾಗುವುದು ಹೇಗೆ? ಅಲ್ಲಿಯೇ ಅಜ್ಜಿಯ ಕೆಲಸ. ಮಾಲೆಯ ಹಳೆಯ ಭಾಷೆ ಬ್ಯಾರಿ ಮಕ್ಕಳಿಗೆ ಪೂರ್ತಿ ತಿಳಿಯುವಂಥದ್ದಲ್ಲ. ಮಗು "ಯಾರು ಆ ಕಳ್ಳ?" ಎಂದು ಕೇಳಿದರೆ ಅವಳು ಹಾಡು ನಿಲ್ಲಿಸಿ ಬ್ಯಾರಿಯಲ್ಲಿ ಕತೆ ಹೇಳಬೇಕು. ಪ್ರಾಸ ನೆನಪನ್ನು ಹಿಡಿದಿಡುತ್ತದೆ, ಮಾತು ಅದನ್ನು ತುಂಬುತ್ತದೆ. ಕವಿ ಅರ್ಧ, ಅಜ್ಜಿ ಅರ್ಧ.

ಎಲ್ಲ ಕಥನಕಾವ್ಯಗಳೂ ಹೀಗಿಲ್ಲ. ಕೊಂಡೋಟಿಯ ಮೊಯಿನ್‌ಕುಟ್ಟಿ ವೈದ್ಯರ್ ಇಪ್ಪತ್ತರ ಹರೆಯದಲ್ಲಿ, 1872ರಲ್ಲಿ ಬರೆದ 'ಬದ್ರುಲ್ ಮುನೀರ್ ಹುಸ್ನುಲ್ ಜಮಾಲ್' ರಾಜಕುಮಾರಿ ಮತ್ತು ಮಂತ್ರಿಯ ಮಗನ ಪ್ರೇಮಕತೆ. ಅದರಲ್ಲಿ ಜಿನ್ನ್‌ಗಳೂ ಬರುತ್ತವೆ. ಅವರು ಸಂದರ್ಭಕ್ಕೆ ತಕ್ಕಂತೆ ಇಶಲ್, ಅಂದರೆ ಧಾಟಿ, ಬದಲಿಸುತ್ತಾರೆ. ನಮ್ಮ ಮೂಡಬಿದಿರೆಯ ರತ್ನಾಕರವರ್ಣಿ 'ಭರತೇಶ ವೈಭವ'ವನ್ನು ಹಾಡಲು ಒಗ್ಗುವ ಸಾಂಗತ್ಯದಲ್ಲಿ ಸುಮಾರು ಹತ್ತು ಸಾವಿರ ಪದ್ಯಗಳಷ್ಟು ಬೆಳೆಸಿದ. ಅಲ್ಲಿ ವಿವರಕ್ಕೆ ಬರವೇ ಇಲ್ಲ. ತಲಪಾಡಿ ದಾಟಿದರೆ ಸಿಗುವ ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ'ದಲ್ಲಿ ಯೇಸುವಿನ ಕೊನೆಯ ದಿನವನ್ನು ಕನ್ನಡ ಪದ್ಯದಲ್ಲಿ ಹೇಳಿದರು. ಕರಾವಳಿಯವರಿಗೆ ಪದ್ಯದ ಕತೆ ಹೊಸದೇನಲ್ಲ.

ಕುರ್‌ಆನ್ ಕಾವ್ಯವಲ್ಲ, ಅದನ್ನು ಅದೇ ಹೇಳಿದೆ (36:69). ಆದರೆ ಕತೆಗಳಲ್ಲಿ ಅತ್ಯುತ್ತಮವಾದುದೆಂದು ಯೂಸುಫ್(ಅ)ರ ವೃತ್ತಾಂತವನ್ನು ಪರಿಚಯಿಸುತ್ತದೆ. ಕತೆ ಹೇಳುವುದನ್ನು ಹಗುರವಾಗಿ ಕಾಣುವವರು ಸೂರಃ ಯೂಸುಫ್ ಓದಲಿ. ಮಾಲೆಯ ಕೆಲವು ಸಾಲುಗಳ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ಈ ಪುಟ ಸಾಲದು. ಆದರೆ ಸಾಲುಗಳನ್ನು ಒಪ್ಪದವರೂ ಅಜ್ಜಿಯ ಕಥನವನ್ನು ಕಳೆದುಕೊಳ್ಳಬೇಕಾದ್ದಿಲ್ಲ.

ಮಾಲೆ ಎಲ್ಲಿಯೂ ಹೋಗುವುದಿಲ್ಲ. ಅದು ಮುದ್ರಣವಾಗಿದೆ, ಧ್ವನಿಮುದ್ರಣವೂ ಇದೆ. ಆದರೆ ಎರಡು ಸಾಲುಗಳ ನಡುವೆ ಅವಳು ಬ್ಯಾರಿಯಲ್ಲಿ ಹೇಳಿದ್ದು ಯಾವ ಪುಸ್ತಕದಲ್ಲೂ ಇಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹಾಡಿಸಿ ರೆಕಾರ್ಡ್ ಮಾಡುವಾಗ ಮಕ್ಕಳನ್ನು ಸುಮ್ಮನಿರಿಸಬೇಡಿ. ಅವರು ಪ್ರಶ್ನೆ ಕೇಳಲಿ, ಅಜ್ಜಿ ಹಾಡು ನಿಲ್ಲಿಸಲಿ. ನಮಗೆ ಬೇಕಾದ ಭಾಗ ಅದೇ.