ಶಾಲಿನ ಜೊತೆಗೊಂದು ಅರ್ಜಿ

ಕಾರ್ಗಿಲ್ ವಿಜಯ ದಿವಸ ಮುಗಿದು ಆಗಸ್ಟ್ 15 ಹತ್ತಿರ ಬಂತೆಂದರೆ ಹುಬ್ಬಳ್ಳಿಯ ಸಂಘ-ಸಂಸ್ಥೆಗಳವರು ಶಾಲು, ಹಾರ, ಪೇಟ ಕೊಳ್ಳಲು ದುರ್ಗದಬೈಲ್ ಕಡೆ ಬರುತ್ತಾರೆ. ಓಣಿಯಲ್ಲೊಬ್ಬ ಹಿರಿಯ ಮಾಜಿ ಸೈನಿಕರಿದ್ದರೆ ಸನ್ಮಾನಕ್ಕೆ ಅವರ ಹೆಸರೇ ಮೊದಲು. ಒಳ್ಳೆಯ ಪದ್ಧತಿ, ನಿಲ್ಲಬಾರದು. ಆದರೆ 1965 ಮತ್ತು 1971ರ ಯುದ್ಧ ಮಾಡಿ ಬಂದವರು ಈಗ ಎಪ್ಪತ್ತೈದು, ಎಂಬತ್ತು ದಾಟಿದ್ದಾರೆ. ಈ ವಯಸ್ಸಿನಲ್ಲಿ ಅವರಿಗೆ ವೇದಿಕೆಗಿಂತ ಹೆಚ್ಚಾಗಿ ಬೇಕಿರುವುದು ತಮಗೆ ಸಲ್ಲಬೇಕಾದ್ದು ಅಲೆದಾಟವಿಲ್ಲದೆ ಕೈಸೇರುವುದು.

ಬಾಳಿ ಹಣ್ಣಾದ ಯೋಧನನ್ನು ದೇಶ ಗೌರವಿಸಿದ ದೊಡ್ಡ ನಿದರ್ಶನ ಕೊಡಗಿನ ಕೆ.ಎಂ. ಕಾರ್ಯಪ್ಪನವರದು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಅವರು 1953ರ ಜನವರಿ 14ರಂದು ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, 87ನೇ ವಯಸ್ಸಿಗೆ. ಆ ಗೌರವಕ್ಕೆ ಕಾಯದೆ, ನಿವೃತ್ತಿಯ ನಂತರದ ವರ್ಷಗಳನ್ನು ಅವರು ಮಾಜಿ ಸೈನಿಕರ ಸಂಘಟನೆ ಕಟ್ಟಲು ಕೊಟ್ಟರು. ಅವರು ನಿವೃತ್ತರಾದ ದಿನವನ್ನೇ ಈಗ ಮಾಜಿ ಸೈನಿಕರ ದಿನವೆಂದು ಆಚರಿಸುತ್ತೇವೆ.

ಸಾಮಾನ್ಯ ಜವಾನನಿಗೆ ಏನು ಸಿಗುತ್ತದೆ? ಸಾಮಾನ್ಯವಾಗಿ ಹದಿನೈದು ವರ್ಷ ಸೇವೆ ಮುಗಿಸಿದವರಿಗೆ ಪಿಂಚಣಿ ಉಂಟು. ವಯಸ್ಸು ಏರಿದಂತೆ ಅದೂ ಏರುತ್ತದೆ: ಮೂಲ ಪಿಂಚಣಿಯ ಮೇಲೆ 80 ತುಂಬಿದಾಗ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಶೇ 100ರಷ್ಟು ಹೆಚ್ಚುವರಿ. ಮೂಲ ಪಿಂಚಣಿ 20,000 ರೂಪಾಯಿ ಇದ್ದವರಿಗೆ ತೊಂಬತ್ತು ತುಂಬಿದರೆ ತಿಂಗಳಿಗೆ 8,000 ರೂಪಾಯಿ ಜಾಸ್ತಿ ಬರಬೇಕು. ಕುಟುಂಬ ಪಿಂಚಣಿ ಪಡೆಯುವ ಪತ್ನಿಗೂ ಇದೇ ಲೆಕ್ಕ. ಆದರೆ ಹಳೆಯ ದಾಖಲೆಗಳಲ್ಲಿ ಆಕೆಯ ಜನ್ಮದಿನಾಂಕವೇ ಇಲ್ಲದಿದ್ದರೆ ಈ ಹಣ ತಾನಾಗಿ ಬರುವುದಿಲ್ಲ. ದಾಖಲೆ ತಿದ್ದಿಸಬೇಕು.

ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡುವುದು ಇನ್ನೊಂದು ತೊಡಕು. ಸೇನೆ ಬಿಟ್ಟ ಮೇಲೆ ಹೊಲದಲ್ಲಿ ದುಡಿದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರದ ಮೇಲೆ ಹೆಬ್ಬೆರಳನ್ನು ಎಷ್ಟು ಸಲ ಒತ್ತಿದರೂ ಹೊಂದಾಣಿಕೆ ಆಗುವುದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಲ್ಲೇ ಈ ಕೆಲಸ ಮುಗಿಸುವ ವ್ಯವಸ್ಥೆ ಬಂದಿದೆ. ಪಕ್ಕದ ಮನೆಯ ಹುಡುಗನೊಬ್ಬ ಹತ್ತು ನಿಮಿಷ ಕೂತು ಮಾಡಿಕೊಟ್ಟರೆ ಅಜ್ಜನಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವ ಕಷ್ಟ ತಪ್ಪುತ್ತದೆ.

ಹೆಚ್ಚು ಸಂಕಟ ಪಿಂಚಣಿಯೇ ಇಲ್ಲದವರದು. ಎರಡನೇ ಮಹಾಯುದ್ಧ ಮುಗಿಯುತ್ತಲೇ ಲಕ್ಷಗಟ್ಟಲೆ ಭಾರತೀಯ ಸೈನಿಕರನ್ನು ಮನೆಗೆ ಕಳಿಸಲಾಯಿತು. ಯುದ್ಧಕ್ಕೆಂದೇ ಸೇರಿಕೊಂಡವರ ಸೇವೆ ಕೆಲವೇ ವರ್ಷಗಳದ್ದಾದ್ದರಿಂದ ಅವರಿಗೆ ಪಿಂಚಣಿ ದಕ್ಕಲಿಲ್ಲ. ನಂತರದ ಕಾಲದಲ್ಲೂ ಅವಧಿ ತುಂಬುವ ಮುನ್ನ ಹೊರಬಂದವರಿದ್ದಾರೆ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯಲ್ಲಿದ್ದು, 65 ದಾಟಿ, ಪಿಂಚಣಿಯಾಗಲೀ ಬೇರೆ ಆದಾಯವಾಗಲೀ ಇಲ್ಲದವರಿಗೆ, ಅಂಥವರ ವಿಧವೆಯರಿಗೆ ಕೇಂದ್ರ ಸರ್ಕಾರ ಮಾಸಿಕ ನೆರವು ಕೊಡುತ್ತದೆ. 4,000 ರೂಪಾಯಿ ಇದ್ದ ಈ ನೆರವನ್ನು 2025ರ ನವೆಂಬರ್‌ನಿಂದ 8,000 ರೂಪಾಯಿಗೆ ಏರಿಸಲಾಗಿದೆ. ಅರ್ಜಿ ಹೋಗುವುದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ. ಡಿಸೆಂಬರ್ 7ರ ಧ್ವಜ ದಿನದಂದು ನಮ್ಮ ಮಕ್ಕಳು ಶಾಲೆಯಲ್ಲಿ ಪುಟ್ಟ ಧ್ವಜಕ್ಕೆ ಕೊಡುವ ದುಡ್ಡು ಸೇರುವ ನಿಧಿಯಿಂದಲೇ ಈ ನೆರವು ಬರುತ್ತದೆ. ಹಾಗಾಗಿ ಇದು ಸಮಾಜ ತನ್ನ ಕೈಯಾರೆ ಕೂಡಿಟ್ಟದ್ದು. ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಕಿಲ್ಲ.

ಸ್ವಾಭಿಮಾನಿ ಸೈನಿಕ ತನ್ನ ಕಷ್ಟ ತಾನಾಗಿ ಹೇಳಿಕೊಳ್ಳುವುದು ಕಡಿಮೆ. ಆದ್ದರಿಂದ ಸನ್ಮಾನಕ್ಕೆ ಕರೆಯಲು ಹೋದವರೇ ನಾಲ್ಕು ಪ್ರಶ್ನೆ ಕೇಳಲಿ. ಪಿಂಚಣಿ ಬರುತ್ತಿದೆಯೇ? ವಯಸ್ಸಿನ ಹೆಚ್ಚುವರಿ ಸೇರಿದೆಯೇ? ಪತ್ನಿಯ ಹೆಸರು, ಜನ್ಮದಿನಾಂಕ ದಾಖಲೆಯಲ್ಲಿ ಸರಿಯಾಗಿದೆಯೇ? ಡಿಸ್ಚಾರ್ಜ್ ಬುಕ್ ಎಲ್ಲಿದೆ? ಉತ್ತರದಲ್ಲಿ ಕೊರತೆ ಕಂಡರೆ ಅರ್ಜಿ ತುಂಬಿ, ಧಾರವಾಡದ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೊಟ್ಟು, ಮಂಜೂರಾಗುವವರೆಗೆ ಬೆನ್ನು ಹತ್ತಲಿ. ಎನ್‌ಸಿಸಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಸೇವಾ ಕಾರ್ಯ ಸಿಗಲಾರದು. ದೇಶದ ಗಡಿ ಕಾದವರ ಮುಪ್ಪನ್ನು ಕಾಯುವ ಹೊಣೆ ಸರ್ಕಾರಕ್ಕೆ ಎಷ್ಟಿದೆಯೋ ಅವರ ಓಣಿಯವರಾದ ನಮಗೂ ಅಷ್ಟೇ ಇದೆ.