ಬಿಟಿಎಂ ಲೇಔಟ್‌ನ ಫ್ರೆಂಚ್ ಕಲಿಕೆ: ಕಣ್ಣಿಗೆ ಒಲಿದದ್ದು ಕಿವಿಗೇಕೆ ಒಲಿಯದು?

ಬೈರಸಂದ್ರ, ತಾವರೆಕೆರೆ, ಮಡಿವಾಳ- ಈ ಮೂರು ಊರುಗಳ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳಿಂದ ಹುಟ್ಟಿದ ಬಿಟಿಎಂ ಲೇಔಟ್‌ನಲ್ಲಿ ಪೇಯಿಂಗ್ ಗೆಸ್ಟ್ ಫಲಕಗಳ ಸಾಲಿನಲ್ಲೇ ವಿದೇಶಿ ಭಾಷಾ ತರಗತಿಗಳ ಫಲಕಗಳೂ ಕಾಣಸಿಗುತ್ತವೆ. ಸಿಲ್ಕ್ ಬೋರ್ಡ್‌ನ ವಾಹನದಟ್ಟಣೆ ದಾಟಿ ಕೋಣೆ ಸೇರಿದ ಸಾಫ್ಟ್‌ವೇರ್ ಉದ್ಯೋಗಿ ರಾತ್ರಿ ಫ್ರೆಂಚ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವುದು ಇಲ್ಲಿ ಅಚ್ಚರಿಯ ಸಂಗತಿಯಲ್ಲ. ಕ್ಯಾಪ್‌ಜೆಮಿನಿ, ಸೊಸಿಯೆತೆ ಜೆನೆರಾಲ್‌ನಂತಹ ಫ್ರೆಂಚ್ ಮೂಲದ ಸಂಸ್ಥೆಗಳು ಬೆಂಗಳೂರಿನಲ್ಲಿವೆ. 2030ರ ವೇಳೆಗೆ 30 ಸಾವಿರ ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿಯನ್ನು ಫ್ರಾನ್ಸ್ ಅಧ್ಯಕ್ಷ ಎಮಾನುಯೆಲ್ ಮ್ಯಾಕ್ರೋನ್ 2024ರ ಜನವರಿಯಲ್ಲಿ ಪುನರುಚ್ಚರಿಸಿದ್ದಾರೆ. ಆಸೆಗೆ ಕಾರಣಗಳಿಗೆ ಕೊರತೆಯಿಲ್ಲ.

ಈ ಹಾದಿಯ ಮೊದಲ ಮೆಟ್ಟಿಲು ಡೆಲ್ಫ್ ಎ1. ಫ್ರಾನ್ಸ್ ಶಿಕ್ಷಣ ಸಚಿವಾಲಯ ನೀಡುವ ಈ ಪ್ರಮಾಣಪತ್ರ ವ್ಯವಸ್ಥೆ 1985ರಲ್ಲಿ ಆರಂಭವಾಯಿತು. ಬೆಂಗಳೂರಿಗರಿಗೆ ಪರೀಕ್ಷೆಯ ವಿಳಾಸ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು- ಪ್ರತಿಯೊಂದಕ್ಕೂ 25 ಅಂಕ. ನೂರಕ್ಕೆ 50 ಬಂದರೆ ತೇರ್ಗಡೆ. ಆದರೆ ಯಾವುದೇ ಒಂದು ಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಉಳಿದ ಮೂರರಲ್ಲಿ ಎಷ್ಟೇ ಗಳಿಸಿದ್ದರೂ ಅನುತ್ತೀರ್ಣ. ಸುಮಾರು 20 ನಿಮಿಷಗಳ ಆಲಿಸುವ ಭಾಗ ಹಲವರನ್ನು ಕಂಗೆಡಿಸುವುದು ಈ ಕಾರಣಕ್ಕೇ.

ಕೇಳಿಸುವ ವಿಷಯವೇನೂ ಗಹನವಲ್ಲ. ರೈಲು ನಿಲ್ದಾಣದ ಪ್ರಕಟಣೆ, ದೂರವಾಣಿಯಲ್ಲಿ ಗೆಳೆಯ ಬಿಟ್ಟ ಸಂದೇಶ, ಅಂಗಡಿಯ ಮಾತುಕತೆ. ಅದೂ ಎರಡೆರಡು ಬಾರಿ. ಕೇಳುವ ಪ್ರಶ್ನೆಯೂ ಎಷ್ಟು ಗಂಟೆಗೆ, ಎಲ್ಲಿ, ಬೆಲೆ ಎಷ್ಟು ಎಂಬಷ್ಟೇ. ಹಾಗಿದ್ದೂ ತೊಡಕು ಏಕೆ?

ಬರೆದದ್ದನ್ನೆಲ್ಲ ಉಚ್ಚರಿಸುವುದು ಕನ್ನಡದ ಜಾಯಮಾನ. ಫ್ರೆಂಚ್‌ನಲ್ಲಿ ಪದಾಂತ್ಯದ ವ್ಯಂಜನ ಬಹುಪಾಲು ಮೌನ. ಆದರೆ ಮುಂದಿನ ಪದ ಸ್ವರದಿಂದ ಆರಂಭವಾದರೆ ಆ ಮೌನ ವ್ಯಂಜನ ಎಷ್ಟೋ ಕಡೆ ಎದ್ದು ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. 'ಲೆ' ಮತ್ತು 'ಆಮಿ' ಸೇರಿ 'ಲೆಝಾಮಿ' ಆಗುತ್ತದೆ. ಸಂಧಿ ಬಲ್ಲ ಕನ್ನಡಿಗನಿಗೆ ತತ್ತ್ವ ಹೊಸದಲ್ಲ. ಕಿವಿಗೆ ಮಾತ್ರ ಹೊಸದು. 'ಎರಡು ಗಂಟೆ' ಮತ್ತು 'ಹನ್ನೆರಡು ಗಂಟೆ' ಎಂಬುದನ್ನೇ ನೋಡಿ. ಒಂದು 'ದೊಝರ್', ಇನ್ನೊಂದು 'ದೂಝರ್'. ನಡುವಿನ ವ್ಯತ್ಯಾಸ ಒಂದೇ ಸ್ವರದ್ದು. ಮೊದಲನೆಯದರ ಸ್ವರಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ. ನಾಲಗೆ 'ಎ'ಕಾರಕ್ಕೆ, ತುಟಿ 'ಒ'ಕಾರಕ್ಕೆ ನಿಂತಾಗ ಹೊರಡುವ ಧ್ವನಿ ಅದು. ಅನುನಾಸಿಕ ಸ್ವರಗಳದೂ ಇದೇ ಪಾಡು. ಈ ವಿಷಯದಲ್ಲಿ ಮನೆಯಲ್ಲಿ ಕೊಂಕಣಿ ಆಡುವವರಿಗೆ ತುಸು ಅನುಕೂಲವಿದೆ, ಅವರ ಭಾಷೆಯಲ್ಲಿ ಅನುನಾಸಿಕ ಸ್ವರ ಪದದ ಅರ್ಥವನ್ನೇ ಬದಲಿಸಬಲ್ಲದು.

ಸಂಖ್ಯೆಗಳ ಕಥೆ ಇನ್ನೂ ಸ್ವಾರಸ್ಯಕರ. ಫ್ರಾನ್ಸ್‌ನಲ್ಲಿ ಎಪ್ಪತ್ತೈದು ಎಂದರೆ 'ಅರವತ್ತು-ಹದಿನೈದು', ತೊಂಬತ್ತೇಳು ಎಂದರೆ 'ನಾಲ್ಕು ಇಪ್ಪತ್ತು-ಹದಿನೇಳು'. ಅಲ್ಲಿನ ಹತ್ತಂಕಿಯ ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಗಳ ಐದು ಜೋಡಿಯಾಗಿ ಹೇಳುತ್ತಾರೆ. 'ಅರವತ್ತು' ಎಂದು ಕಿವಿಗೆ ಬಿದ್ದೊಡನೆ 60 ಎಂದು ಗೀಚಿದವನು ಮುಂದಿನ 'ಹದಿನೈದು' ಬರುವಷ್ಟರಲ್ಲಿ ಕೆಟ್ಟಿರುತ್ತಾನೆ. ಕನ್ನಡ ಸಂಭಾಷಣೆಯಲ್ಲೂ ಮೊಬೈಲ್ ಸಂಖ್ಯೆಯನ್ನು ಬಿಡಿ ಬಿಡಿ ಇಂಗ್ಲಿಷ್ ಅಂಕಿಗಳಲ್ಲಿ ಒಪ್ಪಿಸುವ ನಮಗೆ ಇದು ಸುಲಭವಲ್ಲ.

ದೋಷ ವಿದ್ಯಾರ್ಥಿಗಳದಷ್ಟೇ ಅಲ್ಲ. ಪದವಿಪೂರ್ವ ಹಂತದಲ್ಲಿ ಹಲವರು ಫ್ರೆಂಚ್ ಆಯ್ದುಕೊಳ್ಳುವುದು ಅಂಕಗಳಿಗಾಗಿ ಎಂಬುದು ಗುಟ್ಟೇನಲ್ಲ. ಅಲ್ಲಿನ ಪರೀಕ್ಷೆ ಮುಖ್ಯವಾಗಿ ಲಿಖಿತ. ಹೀಗಾಗಿ ಕಣ್ಣಿಗೆ ದಕ್ಕಿದ ಭಾಷೆ ಕಿವಿಗೆ ದಕ್ಕುವುದೇ ಇಲ್ಲ. ಖಾಸಗಿ ತರಗತಿಗಳೂ ಪಠ್ಯಪುಸ್ತಕ ಮುಗಿಸುವ ಅವಸರದಲ್ಲಿ ಧ್ವನಿಮುದ್ರಿಕೆಯನ್ನು ಕೊನೆಯ ವಾರಕ್ಕೆ ತಳ್ಳಿದರೆ ಫಲಿತಾಂಶವೇನೆಂದು ಊಹಿಸಬಹುದು.

ಸಾಮಗ್ರಿಗೆ ಬರವಿಲ್ಲ. ಪರೀಕ್ಷೆಯ ಉಸ್ತುವಾರಿ ಹೊತ್ತ ಫ್ರಾನ್ಸ್ ಎಜುಕೇಶನ್ ಇಂಟರ್‌ನ್ಯಾಷನಲ್ ಸಂಸ್ಥೆಯೇ ಮಾದರಿ ಪತ್ರಿಕೆಗಳನ್ನು ಧ್ವನಿಸಹಿತ ಉಚಿತವಾಗಿ ಒದಗಿಸುತ್ತದೆ. ಟಿವಿ5 ಮೊಂದ್ ವಾಹಿನಿಯ ಆರಂಭಿಕರ ಪಾಠಗಳೂ ಉಚಿತ. ಆರ್‌ಎಫ್‌ಐ ಬಾನುಲಿಯ 'ಸುಲಭ ಫ್ರೆಂಚ್ ವಾರ್ತೆ'ಯನ್ನು ಹಲವರು ಶಿಫಾರಸು ಮಾಡುತ್ತಾರಾದರೂ ಎ1 ಹಂತದವರಿಗೆ ಅದು ಭಾರವೇ. ಪ್ರಶ್ನೆಯನ್ನು ಮೊದಲೇ ಓದಿ, ಬೇಕಾದದ್ದು ಗಂಟೆಯೋ, ಬೆಲೆಯೋ, ಸ್ಥಳವೋ ಎಂದು ಗುರುತಿಟ್ಟುಕೊಂಡು ಅದೊಂದಕ್ಕೇ ಕಾಯುವುದು ಒಳ್ಳೆಯ ಉಪಾಯ. ಪ್ರತಿ ಪದವನ್ನೂ ಇಂಗ್ಲಿಷಿಗೆ ತಿರುಗಿಸುತ್ತ ಕುಳಿತವನಿಗೆ ಎರಡನೇ ವಾಕ್ಯ ಕೇಳುವುದೇ ಇಲ್ಲ. ದಿನಕ್ಕೆ ಹತ್ತು ನಿಮಿಷ, ಪಠ್ಯ ನೋಡದೆ ಒಮ್ಮೆ, ನೋಡಿ ಒಮ್ಮೆ, ಮತ್ತೆ ನೋಡದೆ ಒಮ್ಮೆ ಕೇಳುವ ಅಭ್ಯಾಸ ರವಿವಾರದ ಮೂರು ತಾಸಿನ ಪಾಠಕ್ಕಿಂತ ಫಲಕಾರಿ.

ಇನ್ನು ಕೆನಡಾ ಕನಸಿನ ವಿಚಾರ. ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ಆಯ್ಕೆ ಸುತ್ತುಗಳನ್ನು ಆ ದೇಶ 2023ರಲ್ಲಿ ಆರಂಭಿಸಿದ ಮೇಲೆ ಭಾಷಾ ತರಗತಿಗಳ ಪ್ರಚಾರದಲ್ಲಿ ಕಾಯಂ ವಾಸದ ಮಾತು ಸೇರಿಕೊಂಡಿದೆ. ಆದರೆ ಆ ಅರ್ಜಿಗೆ ಡೆಲ್ಫ್ ಪ್ರಮಾಣಪತ್ರ ಸಲ್ಲದು. ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಬೇಕು. ನಾಲ್ಕೂ ಕೌಶಲಗಳಲ್ಲಿ ಕೆನಡಾ ಮಾನದಂಡದ ಏಳನೇ ಮಟ್ಟ, ಅಂದರೆ ಸರಿಸುಮಾರು ಬಿ2, ಕಡ್ಡಾಯ. ಎ1ರಿಂದ ಅದು ಮೂರು ಮೆಟ್ಟಿಲು ಮೇಲೆ. ಟಿಸಿಎಫ್‌ನ ಆಲಿಸುವ ಭಾಗದಲ್ಲಿ 35 ನಿಮಿಷಕ್ಕೆ 39 ಪ್ರಶ್ನೆಗಳು. ಧ್ವನಿಮುದ್ರಿಕೆ ಕೇಳಿಸುವುದು ಒಂದೇ ಸಲ.